ಡ್ರೈಯರ್ ಮನೆಯಲ್ಲಿ ಮೈನಸ್ 127 ಡಿಗ್ರಿ! ಸಣ್ಣ ಕನೆಕ್ಟರ್ ಯಾವುದು ಹಾಕಲಿ, ವೈರ್ ಹೇಗೆ ಕೂರಿಸಲಿ?

ತೋಟದಮನೆ, ಶಿರಸಿ:

ನಮಸ್ಕಾರ. ಪ್ರಶ್ನೆ ಸಣ್ಣದು, ಹಿಂದಿನ ಕಥೆ ಸ್ವಲ್ಪ ಉದ್ದ. ಬೇಜಾರು ಮಾಡ್ಕೊಳ್ಳದೆ ಓದಿ.

ನಮ್ಮನೆ ಅಡಿಕೆ ಡ್ರೈಯರ್‌ಗೆ ಅಂತ ಒಂದು ಬಾಕ್ಸ್ ಮಾಡಿದ್ದೇನೆ. ಒಳಗೆ ಇಎಸ್‌ಪಿ32 ಬೋರ್ಡು (ಪುಟ್ಟ ಕಂಪ್ಯೂಟರ್ ಥರದ್ದು), ಬಿಸಿ ಅಳೆಯೋ ನಾಲ್ಕು ಡಿಎಸ್18ಬಿ20 ಸೆನ್ಸರು (ಸ್ಟೀಲ್ ಕೊಳವೆಯೊಳಗೆ ಕೂರಿಸಿ ಮೂರು ಬಣ್ಣದ ವೈರ್ ಬಿಟ್ಟಿರ್ತಾರಲ್ಲ, ಅದೇ), ಫ್ಯಾನ್ ಹಾಕಿ ತೆಗೆಯೋಕೆ ಒಂದು ರಿಲೇ. ಕೊನೆಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಬಿಟ್ಟರೆ ಅಂಗಳದಲ್ಲಿ ಹರವೋ ಹಾಗಿಲ್ಲ, ಡ್ರೈಯರೇ ಗತಿ. ಅಪ್ಪ ರಾತ್ರಿ ಎರಡು ಸಲ ಎದ್ದು ಹೋಗಿ ಬಿಸಿ ನೋಡಿ ಬರ್ತಾರೆ. ಅದನ್ನ ತಪ್ಪಿಸೋಣ ಅಂತ ಶುರು ಮಾಡಿದ್ದು. ಈಗ ಒಂದು ಸಲ ಡ್ರೈಯರ್ ನೋಡೋಕೆ, ಇನ್ನೊಂದು ಸಲ ನನ್ನ ಬಾಕ್ಸ್ ಬದುಕಿದೆಯಾ ನೋಡೋಕೆ ಏಳ್ತಾರೆ.

ಮೇಜಿನ ಮೇಲೆ ಎಂಟು ದಿನ ಏನೂ ತೊಂದರೆ ಇರಲಿಲ್ಲ. ಡ್ರೈಯರ್ ಗೋಡೆಗೆ ಹೊಡೆದು ಫ್ಯಾನ್ ಶುರುವಾದ ಮೇಲೆ ಬಂತು ಗ್ರಹಚಾರ. 52, 53 ಅಂತ ತೋರಿಸ್ತಾ ಇದ್ದದ್ದು ಒಮ್ಮೆಲೇ 85 ಅನ್ನುತ್ತೆ, ಇನ್ನೊಂದು ಸಲ ಮೈನಸ್ 127. ಬಾಕ್ಸ್ ತಟ್ಟಿದರೆ ಸರಿ ಹೋಗುತ್ತೆ, ಹಳೇ ಟಿ.ವಿ. ತಟ್ಟಿದ ಹಾಗೆ. ಆಗ ಹಾಕಿದ್ದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಸಿಕ್ಕಿಸಿ ನೋಡೋ ಹಲಗೆ) ಜೊತೆ ಬರೋ ಬಣ್ಣ ಬಣ್ಣದ ಜಂಪರ್ ವೈರು. ಅವನ್ನೆಲ್ಲ ಕಿತ್ತು, ಆನ್‌ಲೈನಿನಲ್ಲಿ ಒಂದು ಜೆಎಸ್‌ಟಿ-ಎಕ್ಸ್‌ಎಚ್ ಕನೆಕ್ಟರ್ ಡಬ್ಬಿ ತರಿಸಿದೆ. ಬಿಳಿ ಹೌಸಿಂಗು (ಹೊರಗಿನ ಪ್ಲಾಸ್ಟಿಕ್ ಗೂಡು), ವೈರ್ ತುದಿಗೆ ಕೂರೋ ಸಣ್ಣ ಸಣ್ಣ ತಗಡಿನ ಟರ್ಮಿನಲ್ಲು ಎಲ್ಲಾ ಇರೋ ಡಬ್ಬಿ. ಪೇಟೆಯಿಂದ 14/36 ವೈರ್ ತಂದೆ, ಗಟ್ಟಿ ಇರಲಿ ಅಂತ. ಟರ್ಮಿನಲ್ಲನ್ನ ವೈರಿಗೆ ಒತ್ತಿ ಕೂರಿಸೋ ಕ್ರಿಂಪಿಂಗ್ ಟೂಲ್ ಇಲ್ಲ. ನೋಸ್ ಪ್ಲೈಯರಿನಲ್ಲಿ ಒತ್ತಿ, ಬಿಟ್ಟು ಹೋಗಬಾರದು ಅಂತ ಮೇಲಿಂದ ಒಂದು ಹನಿ ಲೆಡ್ (ಬೆಸುಗೆಗೆ ಕರಗಿಸೋ ಲೋಹ) ಬಿಟ್ಟೆ.

ಮೊದಲಿಗಿಂತ ಕಡೆ ಆಯ್ತು. ಅರ್ಧಕ್ಕರ್ಧ ಟರ್ಮಿನಲ್ ಹೌಸಿಂಗಿನೊಳಗೆ ಹೋಗೋದೇ ಇಲ್ಲ. ಹೋದವು ಎರಡು ದಿನದಲ್ಲಿ ಹಿಂದೆ ಜಾರಿ ಬರ್ತವೆ. ಎರಡು ವೈರು ಟರ್ಮಿನಲ್ಲಿನ ಬುಡದಲ್ಲೇ ಕಡ್ಡಿ ಮುರಿದ ಹಾಗೆ ಮುರಿದವು. ಇದರ ಮೇಲೆ, ಸಾಗರದ ಸ್ನೇಹಿತ ಕೊಟ್ಟ ಇನ್ನೊಂದು ಬೋರ್ಡಿನಲ್ಲಿರೋ ಬಿಳಿ ಸಾಕೆಟ್ಟಿಗೆ ನನ್ನ ಎಕ್ಸ್‌ಎಚ್ ಹೌಸಿಂಗ್ ಕೂರೋದೇ ಇಲ್ಲ. ನೋಡೋಕೆ ಎರಡೂ ಒಂದೇ!

ಯಾವ ಕನೆಕ್ಟರ್ ಹಾಕಲಿ? ಟೂಲ್ ತಗೊಳ್ಳಲೇಬೇಕಾ, ಅಥವಾ ಕನೆಕ್ಟರ್ ಬಿಟ್ಟು ನೇರ ಬೆಸುಗೆ ಹಾಕಿಬಿಡಲಾ?

ಬ್ರೆಡ್‌ಬೋರ್ಡ್ ಹುಡುಗ, ಮೈಸೂರು:

ಅಣ್ಣಾ, ಹಾಟ್ ಗ್ಲೂ ಹಾಕಿಬಿಡಿ. ನಮ್ಮ ಕಾಲೇಜ್ ಪ್ರಾಜೆಕ್ಟ್ ಪೂರ್ತಿ ನಿಂತಿರೋದೇ ಅದರ ಮೇಲೆ.

ತಮಾಷೆ ಬಿಡಿ, ಡ್ರೈಯರ್ ಬಿಸಿಗೆ ಅದು ಮೆತ್ತಗಾಗಿ ಇಳಿದುಬಿಡುತ್ತೆ. ಕನೆಕ್ಟರ್ ವಿಷಯ ನನಗೆ ಗೊತ್ತಿಲ್ಲ, ಆದ್ರೆ ಆ ಎರಡು ಅಂಕಿ ಸುಮ್ನೆ ಬರ್ತಿಲ್ಲ. ಮೈನಸ್ 127 ಅನ್ನೋದು ಸೆನ್ಸರ್ ಕೊಟ್ಟ ಅಳತೆ ಅಲ್ಲ, ಸೆನ್ಸರ್ ಸಿಗ್ಲಿಲ್ಲ ಅಂತ ಲೈಬ್ರರಿ (ಸೆನ್ಸರ್ ಓದೋ ಸಿದ್ಧ ಪ್ರೋಗ್ರಾಮು) ಕೊಡೋ ಅಂಕಿ. ಡಿಎಸ್18ಬಿ20 ಅಳೆಯೋದೇ ಮೈನಸ್ 55ರಿಂದ 125ರವರೆಗೆ. 85 ಬೇರೆ ಕಥೆ. ಸೆನ್ಸರಿಗೆ ಕರೆಂಟ್ ಹೋಗಿ ಮತ್ತೆ ಬಂದಾಗ ಅದರ ಹೊಟ್ಟೆಯಲ್ಲಿ ಮೊದಲು ಇರೋ ಅಂಕಿ 85. ಹೊಸದಾಗಿ ಅಳೆಯೋ ಮೊದಲೇ ನೀವು ಓದಿದರೆ ಅದನ್ನೇ ಕೊಡುತ್ತೆ. ಅಂದ್ರೆ 85 ಬಂದಾಗ ಕೆಂಪು ಅಥವಾ ಕಪ್ಪು ವೈರ್ ಒಂದು ಕ್ಷಣ ಬಿಟ್ಟು ಹಿಡಿದಿದೆ. ಮೈನಸ್ 127 ಬಂದಾಗ ಮೂರರಲ್ಲಿ ಯಾವುದಾದ್ರೂ ಬಿಟ್ಟಿರಬಹುದು.

ಯಾವ ಸೆನ್ಸರು, ಯಾವ ಅಂಕಿ, ಫ್ಯಾನ್ ಓಡ್ತಿತ್ತಾ ಅಂತ ಒಂದು ದಿನ ಲಾಗ್ ಮಾಡಿ. ಡೇಟಾ ವೈರಿಗೂ 3.3 ವೋಲ್ಟಿಗೂ ಮಧ್ಯೆ 4.7 ಕಿಲೋ ಓಮ್ ರೆಸಿಸ್ಟರ್ ಇದೆ ತಾನೆ? ಅದನ್ನೂ ಜಂಪರ್ ವೈರಲ್ಲೇ ಸಿಕ್ಕಿಸಿದ್ದೀರಾ ಅಂತ ಅನುಮಾನ.

ಕ್ಯಾಮೆರಾ ರಿಪೇರಿ, ಹುಬ್ಬಳ್ಳಿ:

ನಾ ಅಂತೂ ಉದ್ದ ವೈರಿಗೆ ಕನೆಕ್ಟರ್ ಹಚ್ಚೂದ ಬಿಟ್ಟೇನ್ರಿ. ಸಿಸಿಟಿವಿ ಕೆಲಸದಾಗ ಉಳಿದ ಕ್ಯಾಟ್5 ಅನ್ನೂ ನೆಟ್‌ವರ್ಕ್ ಕೇಬಲ್ ರಗಡ ಬಿದ್ದಿರ್ತೈತಿ. ಅದನ್ನ ಎಳದು, ಎರಡೂ ಕಡೆ ಬೆಸುಗಿ ಹಾಕಿ, ಮ್ಯಾಲೆ ಬಿಸಿಗೆ ಕುಗ್ಗೂ ಸ್ಲೀವ್ ಏರಿಸಿ ಬಿಸಿ ಮಾಡಿದ್ರ ಮುಗೀತು. ಕನೆಕ್ಟರ್ ಇಲ್ಲಾ ಅಂದ್ರ ಕನೆಕ್ಟರ್ ತ್ರಾಸೂ ಇಲ್ಲ ನೋಡ್ರಿ. ಬಿಚ್ಚೂದು ಬೇಕಾ ಬೇಕು ಅಂದ್ರ ಆರ್‌ಜೆ45 ಸಾಕೆಟ್ ಹಚ್ರಿ. ಅದಕ್ಕ ಒತ್ತೂ ಟೂಲ್ ಯಾವ ಊರಾಗರ ಸಿಗತೈತಿ.

ಇನ್ನೊಂದ ಮಾತು. ಬ್ಯಾಟರಿ ಹಚ್ಚೂದಿದ್ರ ಬಣ್ಣ ನೋಡಿ ನಂಬಬ್ಯಾಡ್ರಿ. ಹೋದ ವರ್ಷ ಸಣ್ಣ ಲಿಥಿಯಂ ಬ್ಯಾಟರಿ ತರಿಸಿದ್ದೆ, ತುದಿಗೆ 2 ಪಿನ್ನಿಂದು ಜೆಎಸ್‌ಟಿ-ಪಿಎಚ್ ಇತ್ತು. ಬೋರ್ಡಿನ ಸಾಕೆಟ್ಟಿಗೆ ಟಪ್ ಅಂತ ಕೂತ್ತು, ನಾ ಖುಷಿ ಆದೆ. ಪ್ಲಸ್ಸು ಮೈನಸ್ಸು ಉಲ್ಟಾ! ಹೊಗಿ ಬಂದ ಮ್ಯಾಲೆ ಗೊತ್ತಾತು. ಹೌಸಿಂಗ್ ಕೂಡತೈತಿ ಅಂದ್ರ ಯಾವ ಕಡೆ ಪ್ಲಸ್ ಅನ್ನೂದು ಕೂಡತೈತಿ ಅಂತೇನಿಲ್ಲ. ಅದಕ್ಕ ಎಲ್ಲಾರೂ ಒಪ್ಪಿದ ನಿಯಮ ಇಲ್ಲ. ಮೀಟರ್ ಹಿಡದ ನೋಡ್ರಿ.

ಹಾರ್ನೆಸ್ ಅಕ್ಕ, ತುಮಕೂರು:

ತಮ್ಮಾ, ನಿನ್ನ ಪೋಸ್ಟ್ ಓದಿ ನಗೂನೂ ಬಂತು, ಹೊಟ್ಟೇನೂ ಉರೀತು. ಪೀಣ್ಯದಲ್ಲಿ ವೈರ್ ಹಾರ್ನೆಸ್ (ಕನೆಕ್ಟರ್ ಸಮೇತ ವೈರಿನ ಕಂತೆ) ಕಟ್ಟೋ ಲೈನಲ್ಲಿ 19 ವರ್ಷ ಕೆಲಸ ಮಾಡಿದೋಳು ನಾನು. ಸೇರಿದ ಹೊಸದರಲ್ಲಿ ಎರಡು ತಿಂಗಳು ಕ್ರಿಂಪಿಂಗ್ ಪ್ರೆಸ್ ಮುಟ್ಟೋಕೇ ಬಿಡ್ಲಿಲ್ಲ, ಬರೀ ವೈರ್ ಸುಲಿಯೋ ಕೆಲಸ. ಬೈಕೊಂಡೇ ಸುಲಿದೆ. ಈಗ ಮನೇಲಿ ಕೂತು ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ ಕೇಬಲ್ ಕಟ್ಟಿಕೊಡ್ತೀನಿ. ಅವರು ತರೋ ಹಾಳಾದ ಕೇಬಲ್ಲುಗಳಲ್ಲಿ ಹತ್ತಕ್ಕೆ ಎಂಟು ನಿನ್ನ ಹಾಗೇನೇ ಇರುತ್ತೆ: ಇಕ್ಕಳದಲ್ಲಿ ಒತ್ತಿ ಮೇಲೆ ಲೆಡ್ ಬಿಟ್ಟಿರೋದು.

ನಿನ್ನ ಕನೆಕ್ಟರ್‌ದು ತಪ್ಪಿಲ್ಲ. ಎಕ್ಸ್‌ಎಚ್ ಒಳ್ಳೇದೇ. ವೈರ್ ತಪ್ಪು, ಇಕ್ಕಳ ತಪ್ಪು, ಲೆಡ್ ತಪ್ಪು.

ಮೊದಲು ವೈರ್. 14/36 ಅಂದ್ರೆ ಬ್ರಿಟಿಷ್ ಲೆಕ್ಕದ 36ನೇ ಗೇಜಿನ 14 ಎಳೆ. ಒಂದೊಂದು ಎಳೆ ಸುಮಾರು 0.19 ಮಿಲಿಮೀಟರ್ ದಪ್ಪ, ಒಟ್ಟು ಸೇರಿ 0.41 ಚದರ ಮಿಮೀ. ಎಕ್ಸ್‌ಎಚ್ ಟರ್ಮಿನಲ್ ಮಾಡಿರೋದು ಎಡಬ್ಲ್ಯೂಜಿ ಅನ್ನೋ ಅಮೆರಿಕದ ಗೇಜ್ ಲೆಕ್ಕದಲ್ಲಿ (ಅಂಕಿ ಇಳಿದಷ್ಟೂ ವೈರ್ ದಪ್ಪ) 30ರಿಂದ 22ರವರೆಗಿನ ವೈರಿಗೆ. 22 ಅಂದ್ರೆ 0.33 ಚದರ ಮಿಮೀ. ನೀನು ಅದರ ಬಾಯಿಗಿಂತ ದೊಡ್ಡ ತುತ್ತು ತುರುಕ್ತಿದ್ದೀಯ. ರೆಕ್ಕೆ ಮುಚ್ಚೋದಿಲ್ಲ, ಹೊಟ್ಟೆ ಉಬ್ಬುತ್ತೆ, ಹೌಸಿಂಗಿನೊಳಗೆ ಹೋಗಲ್ಲ. ಅಂಗಡೀಲಿ 7/36 ಕೇಳು. ಅದು 0.2 ಚದರ ಮಿಮೀ, ಎಡಬ್ಲ್ಯೂಜಿ 24ಕ್ಕೆ ಸರಿಯಾಗಿ ಕೂರುತ್ತೆ. ತೆಳ್ಳಗಾಯ್ತು ಅಂತ ಹೆದರಬೇಡ. ನಿನ್ನ ಸೆನ್ಸರ್ ಒಂದೊಂದು ಕುಡಿಯೋದು ಒಂದು, ಒಂದೂವರೆ ಮಿಲಿಆಂಪ್. ಎಕ್ಸ್‌ಎಚ್ ತಾಳೋದು 22ನೇ ವೈರಲ್ಲಿ 3 ಆಂಪ್. ಕರೆಂಟ್ ನಿನಗೆ ಲೆಕ್ಕಕ್ಕೇ ಇಲ್ಲ, ಹಿಡಿತ ಮುಖ್ಯ.

ಈಗ ಲೆಡ್. ಹುಬ್ಬಳ್ಳಿ ಅಣ್ಣಾವ್ರು ಹೇಳಿದ ಬೆಸುಗೆ ಬೇರೆ, ನೀನು ಮಾಡಿದ್ದು ಬೇರೆ. ಕರಗಿದ ಲೆಡ್ಡು ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಎಳೆಗಳ ಸಂದೀಲಿ ಏರಿ ಇನ್ಸುಲೇಶನ್ ಒಳಕ್ಕೂ ಹೋಗುತ್ತೆ. ಬಳುಕೋ ವೈರು ಅಷ್ಟು ದೂರ ಕಡ್ಡಿ ಆಗುತ್ತೆ. ಫ್ಯಾನ್ ನಡುಗಿಸಿದಾಗ ಬಾಗೋದೆಲ್ಲಾ ಆ ಕಡ್ಡಿ ಮುಗಿದು ವೈರ್ ಶುರುವಾಗೋ ಒಂದೇ ಗೆರೇಲಿ. ಅಲ್ಲೇ ಮುರಿಯುತ್ತೆ, ನಿನಗೆ ಮುರಿದಿರೋದೂ ಅಲ್ಲೇ. ಮೊದಲೇ ಲೆಡ್ ಬಳಿದ ವೈರನ್ನ ಕ್ರಿಂಪ್ ಮಾಡೋದು ಇನ್ನೊಂದು ದಡ್ಡತನ. ಲೆಡ್ಡು ಮೆದು ಲೋಹ, ಒತ್ತಡದಲ್ಲಿ ದಿನ ಕಳೆದ ಹಾಗೆ ಮೆಲ್ಲಗೆ ಜರುಗಿ ಜಾಗ ಬಿಟ್ಟುಕೊಡುತ್ತೆ, ಹಿಡಿತ ಸಡಿಲ ಆಗುತ್ತೆ. ಸ್ಕ್ರೂ ಟರ್ಮಿನಲ್ಲಿಗೆ ಹಾಕೋ ವೈರಿಗೂ ಇದೇ ಮಾತು. ಸ್ಕ್ರೂ ಕೆಳಗೆ ಲೆಡ್ ಬಳಿದ ತುದಿ ಇಡಬೇಡ, ಫೆರೂಲ್ (ತುದಿಗೆ ತೊಡಿಸೋ ಲೋಹದ ಪುಟ್ಟ ಕೊಳವೆ) ಹಾಕು.

ಕ್ರಿಂಪ್ ಅಂದ್ರೆ ಅದುಮಿ ಇಡೋದು ಅಂತ ಎಲ್ಲಾರೂ ಅಂದ್ಕೊಂಡಿದ್ದಾರೆ. ಅಲ್ಲ ಕಣಪ್ಪ. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆ ಇರುತ್ತೆ ನೋಡು. ಮುಂದಿನ ಚಿಕ್ಕ ಜೊತೆ ತಾಮ್ರಕ್ಕೆ, ಹಿಂದಿನ ದೊಡ್ಡ ಜೊತೆ ಇನ್ಸುಲೇಶನ್ನಿಗೆ. ಸರಿಯಾದ ಟೂಲಲ್ಲಿ ಒತ್ತಿದಾಗ ಮುಂದಿನ ರೆಕ್ಕೆಗಳು ಸುರುಳಿ ಸುತ್ತಿ ಎಳೆಗಳ ನಡುವೆ ಇಳೀತವೆ. ಎಳೆಗಳೂ ತಗಡೂ ಗಂಟಿಲ್ಲದ ಮುದ್ದೆ ಥರ ಒಂದಾಗ್ತವೆ. ಅಡ್ಡ ಕೊಯ್ದು ಭೂತಗನ್ನಡೀಲಿ ನೋಡಿದ್ರೆ ನಡುವೆ ಗಾಳಿಗೆ ಜಾಗ ಇರಲ್ಲ. ಗಾಳಿ ಇಲ್ಲ ಅಂದ್ರೆ ತೇವಾನೂ ಒಳಗೆ ಹೋಗಲ್ಲ, ಕಿಲುಬು ಹಿಡಿಯಲ್ಲ. ನಿಮ್ಮೂರ ಮಳೆಗೆ ಬೇಕಾಗಿರೋದು ಇದೇ ತಾನೆ. ನೋಸ್ ಪ್ಲೈಯರ್ ರೆಕ್ಕೆನ ಚಪ್ಪಟೆ ಮಡಚುತ್ತೆ ಅಷ್ಟೇ, ಒಳಗೆಲ್ಲಾ ಪೊಳ್ಳು.

ಟೂಲ್ ತಗೋ. ಎಸ್‌ಎನ್-28ಬಿ ಅಥವಾ ಎಸ್‌ಎನ್-2549 ಅಂತ ರಾಚೆಟ್ ಇರೋದು ಸಿಗುತ್ತೆ. ಪೂರ್ತಿ ಒತ್ತೋವರೆಗೂ ಬಾಯಿ ಬಿಡಲ್ಲ, ಹಾಗಾಗಿ ಪ್ರತಿ ಸಲ ಒಂದೇ ಅಳತೆ ಬರುತ್ತೆ. ಮಧ್ಯದಲ್ಲಿ ಸಿಕ್ಕಿಕೊಂಡ್ರೆ ಹಿಡಿಯ ಒಳಗಡೆ ಒಂದು ಪುಟ್ಟ ನಾಲಿಗೆ ಇರುತ್ತೆ, ಅದನ್ನ ತಳ್ಳಿದ್ರೆ ಬಿಡುತ್ತೆ. ಇದು ಗೊತ್ತಿಲ್ಲದೆ ಒಬ್ಬ ಹುಡುಗ ಸುತ್ತಿಗೆ ತಗೊಂಡು ಹೊಡೆದಿದ್ದ! ಜಪಾನಿನ ಎಂಜಿನಿಯರ್ ಅನ್ನೋ ಕಂಪನಿಯ ಪಿಎ-09 ಅಂತ ಒಂದಿದೆ, ನನ್ನ ಹತ್ರ ಇರೋದು ಅದೇ. 1.0, 1.4, 1.6, 1.9 ಮಿಮೀ ನಾಲ್ಕು ಬಾಯಿ. ತಾಮ್ರದ ರೆಕ್ಕೆ ಒಂದು ಸಲ, ಇನ್ಸುಲೇಶನ್ ರೆಕ್ಕೆ ಒಂದು ಸಲ ಬೇರೆ ಬೇರೆ ಒತ್ತಬೇಕು. ರಾಚೆಟ್ ಇಲ್ಲ, ಕೈಯೇ ಲೆಕ್ಕ. ಸಣ್ಣ ಟರ್ಮಿನಲ್ಲಿಗೆ ಅದರಷ್ಟು ಚೆಂದ ಬೇರೆ ಇಲ್ಲ, ಆದ್ರೆ ಇಲ್ಲಿಗೆ ತರಿಸಿದ್ರೆ ದುಬಾರಿ. ವರ್ಷಕ್ಕೊಂದು ಬಾಕ್ಸ್ ಮಾಡೋ ನಿನಗೆ ಬೇಡ.

ಮಾಡೋ ಬಗೆ ಹೇಳ್ತೀನಿ, ನಿಧಾನಕ್ಕೆ ಓದು. ಸುಲಿಯೋದು ಬರೀ ಎರಡು, ಎರಡೂವರೆ ಮಿಮೀ. ಅಕ್ಕಿಕಾಳಿನ ಅರ್ಧ. ಬ್ಲೇಡಲ್ಲಿ ಸುಲಿಬೇಡ. 7 ಎಳೇಲಿ ಒಂದು ಕತ್ತರಿಸಿ ಹೋದ್ರೆ ನೂರಕ್ಕೆ 14 ಭಾಗ ತಾಮ್ರ ಹೋಯ್ತು. ಟರ್ಮಿನಲ್ಲನ್ನ ಟೂಲಿನ ಬಾಯಿಗೆ ಇಡುವಾಗ ರೆಕ್ಕೆಗಳು ಎರಡು ಗುಂಡಿ ಇರೋ ಕಡೆಗೆ ಮುಖ ಮಾಡಿರಬೇಕು. ಇನ್ನೊಂದು ಪಿನ್ನು ಬಂದು ಕೂರೋ ಮುಂಭಾಗ ಪೂರ್ತಿ ಬಾಯಿಂದ ಆಚೆ ಇರಬೇಕು, ಇಲ್ಲಾಂದ್ರೆ ಅದೂ ಅಪ್ಪಚ್ಚಿ. ಒಂದು ಕ್ಲಿಕ್ ಒತ್ತಿ ಟರ್ಮಿನಲ್ ನಿಲ್ಲಿಸಿಕೋ. ಆಮೇಲೆ ವೈರ್ ತೂರಿಸು. ಆಮೇಲೆ ಪೂರ್ತಿ ಒತ್ತು.

ತೆಗೆದು ಬೆಳಕಿಗೆ ಹಿಡಿ. ಎರಡು ಜೊತೆ ರೆಕ್ಕೆಯ ನಡುವಿನ ಕಿಂಡೀಲಿ ಇನ್ಸುಲೇಶನ್ನಿನ ಅಂಚೂ ಕಾಣಬೇಕು, ತಾಮ್ರಾನೂ ಕಾಣಬೇಕು. ಬರೀ ಇನ್ಸುಲೇಶನ್ ಕಂಡ್ರೆ ಅದು ತಾಮ್ರದ ರೆಕ್ಕೆಯೊಳಗೆ ಸಿಕ್ಕಿಕೊಂಡಿದೆ, ಬಿಸಾಡು. ಮುಂದಿನ ರೆಕ್ಕೆ ದಾಟಿ ಎಳೆಗಳ ತುದಿ ಕೂದಲೆಳೆಯಷ್ಟು ಇಣುಕಬೇಕು. ರೆಕ್ಕೆಯ ಹಿಂದಿನ ಅಂಚು ಗಂಟೆಯ ಬಾಯಿ ಥರ ಚೂರು ಅಗಲಿರಬೇಕು, ಇಲ್ಲಾಂದ್ರೆ ಅಂಚೇ ಎಳೆಗಳನ್ನ ಕೊಯ್ಯುತ್ತೆ. ಲೈನಲ್ಲಿ ಇದನ್ನ ಬೆಲ್‌ಮೌತ್ ಅಂತಿದ್ವಿ. ಇನ್ಸ್‌ಪೆಕ್ಷನ್ ಮೇಡಮ್ಮು ಮೊದಲು ನೋಡ್ತಿದ್ದದ್ದೇ ಅದನ್ನ.

ಇನ್ನೊಂದು ಪರೀಕ್ಷೆ ಎಳೆದು ನೋಡೋದು. 24ನೇ ವೈರು ಸುಮಾರು ಎರಡೂ ಕಾಲು ಕಿಲೋ ತಡೀಬೇಕು ಅನ್ನೋದು ಲೆಕ್ಕ. ಮನೇಲಿ ಸ್ಪ್ರಿಂಗ್ ತಕ್ಕಡಿ ಇಲ್ಲದಿದ್ರೆ 2 ಲೀಟರ್ ನೀರಿನ ಬಾಟಲಿ ತುಂಬಿಸಿ, ಟರ್ಮಿನಲ್ ಹಿಡಿದು ವೈರಿಗೆ ನೇತುಹಾಕು. ಒಂದು ನಿಮಿಷ ನಿಂತ್ರೆ ಪಾಸು. ಮೊದಲ ಹತ್ತು ಟರ್ಮಿನಲ್ಲನ್ನ ಹೀಗೆ ಹಾಳುಮಾಡು. ಡಬ್ಬಿಗೆ ನೂರಾರು ಇರುತ್ತೆ, ಜಿಪುಣತನ ಬೇಡ.

ಹೌಸಿಂಗಿಂದ ಜಾರಿ ಬರೋದು ಬೇರೆ ಕಾಯಿಲೆ. ಟರ್ಮಿನಲ್ ಬೆನ್ನ ಮೇಲೆ ಸಣ್ಣ ಮುಳ್ಳು ಎದ್ದಿರುತ್ತೆ. ಅದು ಹೌಸಿಂಗಿನ ಕಿಟಕಿ ಇರೋ ಕಡೆಗೆ ತಿರುಗಿರಬೇಕು. ಒಳಗೆ ಹೋದಾಗ ಟಕ್ ಅಂತ ಬೆರಳಿಗೆ ಗೊತ್ತಾಗುತ್ತೆ. ಉಲ್ಟಾ ತುರುಕಿ ಎಳೆದು ಮಾಡಿದ್ದೀಯ, ಮುಳ್ಳು ಮಲಗಿರುತ್ತೆ. ಗುಂಡುಸೂಜೀಲಿ ಮೆಲ್ಲಗೆ ಎಬ್ಬಿಸಬಹುದು, ಒಂದು ಸಲ. ಎರಡನೇ ಸಲಕ್ಕೆ ಮುರಿಯುತ್ತೆ.

ಎಸ್‌ಪಿ ರೋಡ್ ಅಲೆಮಾರಿ, ಬೆಂಗಳೂರು:

ಅಕ್ಕ ಎಲ್ಲಾ ಹೇಳಿಬಿಟ್ರು. ಸಾಗರದ ಬೋರ್ಡಿನ ಬಿಳಿ ಸಾಕೆಟ್ಟು ಉಳಿದಿತ್ತು, ಅದಕ್ಕೆ ನಾನು.

ಮೊದಲ ಪಿನ್ನಿನ ನಡುವಿನಿಂದ ಕೊನೆ ಪಿನ್ನಿನ ನಡುವಿಗೆ ವರ್ನಿಯರ್ ಹಿಡಿದು ಅಳೆಯಿರಿ. ಪಿನ್ನುಗಳ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸಿ. 4 ಪಿನ್ನಿನದ್ದು ಒಟ್ಟು 6 ಮಿಮೀ ಬಂದರೆ ಪಿಚ್ (ಪಿನ್ನಿಂದ ಪಿನ್ನಿಗೆ ದೂರ) 2.0, ಅದು ಪಿಎಚ್ ಜಾತಿ. 7.5 ಬಂದರೆ 2.5, ಎಕ್ಸ್‌ಎಚ್. ನಿಮ್ಮ ಸ್ನೇಹಿತರ ಬೋರ್ಡು ಪಿಎಚ್ ಇರಬೇಕು ಅಂತ ನನ್ನ ಊಹೆ. ಬರೀ 3 ಮಿಮೀ ಬಂದು ಪಿನ್ನುಗಳು ಇರುವೆ ಕಾಲಿನ ಹಾಗೆ ಕಂಡರೆ 1.0 ಮಿಮೀ ಎಸ್‌ಎಚ್. ಕ್ವಿಕ್, ಸ್ಟೆಮಾ ಕ್ಯೂಟಿ ಅಂತ ಸೆನ್ಸರ್ ಬೋರ್ಡುಗಳಲ್ಲಿ ಬರೋದು ಅದು. ಅದನ್ನ ಕೈಯಲ್ಲಿ ಕ್ರಿಂಪ್ ಮಾಡೋ ಸಾಹಸಕ್ಕೆ ಹೋಗಬೇಡಿ, ತಯಾರಾದ ಕೇಬಲ್ಲನ್ನೇ ಕೊಳ್ಳಿ.

ತಲೆನೋವು ಇರೋದು 2.5 ಮತ್ತು 2.54ರ ನಡುವೆ. 4 ಪಿನ್ನಿನಲ್ಲಿ ವ್ಯತ್ಯಾಸ 0.12 ಮಿಮೀ ಮಾತ್ರ, ಹಾಗಾಗಿ 2.54ಕ್ಕೊಂದು ತೂತು ಇರೋ ಸಾದಾ ಪರ್ಫ್‌ಬೋರ್ಡಿನ ತೂತಿಗೆ ಎಕ್ಸ್‌ಎಚ್ ಸಾಕೆಟ್ ಕೂತುಬಿಡುತ್ತೆ. 10 ಪಿನ್ನಿಗೆ ಬಂದರೆ 0.36 ಆಗುತ್ತೆ, ಆಗ ಕಾಲು ಬಾಗಿಸಿ ಬಡಿದಾಡಬೇಕು. ಕಣ್ಣಲ್ಲೇ ಗುರುತು ಹಿಡಿಯೋದಾದರೆ, ಎಕ್ಸ್‌ಎಚ್ ಸಾಕೆಟ್ಟಿಗೆ ನಾಲ್ಕೂ ಕಡೆ ಗೋಡೆ, ಒಂದು ಗೋಡೆಯಲ್ಲಿ ಎರಡು ಸೀಳು. ಹಿಂದೆ ಒಂದೇ ಗೋಡೆ ಎದ್ದು ನಿಂತಿದ್ದರೆ ಅದು 2.54ರದ್ದು. ಮೊಲೆಕ್ಸ್ ಕೆಕೆ ಅಂತ ಹೊರಗೆ ಹೇಳ್ತಾರೆ, ಎಸ್‌ಪಿ ರೋಡಿನಲ್ಲಿ ಹಾಗೆ ಕೇಳಿದರೆ ಅಂಗಡಿಯವರು ಮುಖ ನೋಡ್ತಾರೆ. ರಿಲಿಮೇಟ್ ಅನ್ನಿ, ಕೂಡಲೇ ಡ್ರಾಯರ್ ಎಳೀತಾರೆ. ಹಾಗೇ ಬೋರ್ಡಿಗೆ ಹಾಕೋ ಸಾಲು ಪಿನ್ನಿಗೆ ಪಿನ್ ಹೆಡರ್ ಅನ್ನಬೇಡಿ, ಬರ್ಗ್ ಸ್ಟ್ರಿಪ್ ಅನ್ನಿ. ಈ ಬರ್ಗ್ ಅನ್ನೋದು ಅಮೆರಿಕದ ಕನೆಕ್ಟರ್ ಕಂಪನಿ, ಒಂದು ಕಾಲದಲ್ಲಿ ಡುಪಾಂಟಿನ ಕೈಯಲ್ಲಿತ್ತು. ಜಂಪರ್ ವೈರಿಗೆ ಆನ್‌ಲೈನಿನಲ್ಲಿ ಡುಪಾಂಟ್ ಅಂತಾರಲ್ಲ, ಅದೂ ಅದೇ ಮನೆಯ ಹೆಸರು. ಒಂದೇ ಕಂಪನಿಗೆ ಎರಡು ಹೆಸರಲ್ಲಿ ನಮಸ್ಕಾರ ಹಾಕ್ತಾ ಬಂದಿದ್ದೇವೆ.

ನಿಮ್ಮ ಹಳೇ ಜಂಪರ್ ವೈರಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಎಳೆಗಳು ಅಂಟಿಕೊಂಡರೆ ಒಳಗಿರೋದು ತಾಮ್ರದ ಲೇಪ ಕೊಟ್ಟ ಕಬ್ಬಿಣ. ಅಗ್ಗದವುಗಳಲ್ಲಿ ಹಾಗೆ ಬರ್ತವೆ, ನನ್ನ ಡಬ್ಬಿಯಲ್ಲಿ ಅರ್ಧ ಅಂಟಿಕೊಂಡವು.

ಟೂಲ್ ಬೇಡವೇ ಬೇಡ ಅಂದರೆ ಇನ್ನೊಂದು ದಾರಿ ಇದೆ. ಒಂದು ತುದಿಗೆ ಕ್ರಿಂಪ್ ಆಗಿ ಹೌಸಿಂಗ್ ಸಮೇತ ಬರೋ ವೈರ್ ಸಿಗುತ್ತೆ, ರಿಲಿಮೇಟಿಗೂ ಎಕ್ಸ್‌ಎಚ್‌ಗೂ. ಇನ್ನೊಂದು ತುದಿಯನ್ನ ಹುಬ್ಬಳ್ಳಿಯವರ ಹಾಗೆ ಬೆಸೆಯಬಹುದು.

ತೋಟದಮನೆ, ಶಿರಸಿ:

ಎಲ್ಲರಿಗೂ ಅಡ್ಡಬಿದ್ದೆ. ಅಯಸ್ಕಾಂತ ಹಿಡಿದೆ. ಅಂಟಿತು! ಸಾಗರದ ಬೋರ್ಡು 6 ಮಿಮೀ, ಪಿಎಚ್ ಹೌದು. 4.7 ಕಿಲೋ ಓಮ್ ಕೂಡ ಜಂಪರಿನಲ್ಲೇ ಇತ್ತು, ಮೈಸೂರು ತಮ್ಮನ ಅನುಮಾನ ನಿಜ. ಟೂಲ್ ಆರ್ಡರ್ ಹಾಕಿದ್ದೇನೆ.

ಅಕ್ಕ, ಎರಡು ಕೇಳೋದಿತ್ತು. ಸೆನ್ಸರಿನ ವೈರೇ ಗಿಡ್ಡ, ಒಂದು ಮೀಟರ್. ಡ್ರೈಯರ್ ಆ ಮೂಲೆಗೆ ನಾಲ್ಕು ಮೀಟರ್ ಬೇಕು. ಆ ಜೋಡಣೆ ಹೇಗೆ? ಮತ್ತೆ ಎಕ್ಸ್‌ಎಚ್ ಫ್ಯಾನಿನ ನಡುಕಕ್ಕೆ ಕಳಚಿಕೊಳ್ಳೋದಿಲ್ವಾ?

ಹಾರ್ನೆಸ್ ಅಕ್ಕ, ತುಮಕೂರು:

ಒಳ್ಳೇ ಪ್ರಶ್ನೆ. ಎಕ್ಸ್‌ಎಚ್‌ಗೆ ಕೊಂಡಿ ಇಲ್ಲ, ಬರೀ ಬಿಗಿಯಲ್ಲಿ ನಿಂತಿರುತ್ತೆ. ಬೋರ್ಡಿನ ಮೇಲೆ, ಬಾಕ್ಸಿನ ಒಳಗೆ ಅದು ಸಾಕು. ಹೊರಗೆ ವೈರಿಂದ ವೈರಿಗೆ ಬಿಚ್ಚೋ ಹಾಗೆ ಬೇಕಿದ್ರೆ ಜೆಎಸ್‌ಟಿ-ಎಸ್‌ಎಂ ಹಾಕು. ಸೀರಿಯಲ್ ಲೈಟಿನ ಎಲ್‌ಇಡಿ ಪಟ್ಟಿಗೆ ಕಪ್ಪು ಕೊಂಡಿ ಇರುತ್ತಲ್ಲ, ಅದು. ಅದರದ್ದೂ ಪಿಚ್ 2.5. ಕೊಂಡಿ ಅದುಮದೆ ಬಿಡಲ್ಲ.

ಆದ್ರೆ ನಾಲ್ಕು ಮೀಟರ್ ಉದ್ದ ಮಾಡೋಕೆ ಕನೆಕ್ಟರ್ ಯಾಕೆ? ಅಲ್ಲಿ ಹುಬ್ಬಳ್ಳಿ ಅಣ್ಣಾವ್ರ ಮಾತೇ ಸರಿ. ಎರಡು ತುದೀನ ಒಂದಕ್ಕೊಂದು ಎದುರುಬದುರು ಸುತ್ತಿ (ಟೆಲಿಗ್ರಾಫ್ ಕಾಲದಿಂದ ಬಂದ ಗಂಟು ಅದು, ವೆಸ್ಟರ್ನ್ ಯೂನಿಯನ್ ಜಾಯಿಂಟ್ ಅಂತಾರೆ) ಬೆಸುಗೆ ಹಾಕು, ಸ್ಲೀವ್ ಏರಿಸು. ಮೂರು ವೈರಿನ ಗಂಟೂ ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆ ಮುಂದೆ ಮಾಡು. ಬೆಸುಗೆಯ ಎರಡೂ ಕಡೆ ವೈರನ್ನ ಗೋಡೆಗೆ ಕಟ್ಟಿಬಿಡು. ಅಲುಗಾಡದಿದ್ರೆ ಬೆಸುಗೆ ಮುರಿಯಲ್ಲ. ಅಲುಗಾಡೋ ಕಡೆ ಕ್ರಿಂಪು, ನಿಂತ ಕಡೆ ಬೆಸುಗೆ ಆಗುತ್ತೆ. ಒಂದು ಮಾತು ಮಾತ್ರ ನೆನಪಿಡು: ಕ್ಯಾಟ್5ರ ಒಳಗಿರೋದು ಸಾಮಾನ್ಯವಾಗಿ ಒಂಟಿ ಗಟ್ಟಿ ತಂತಿ. ಅದನ್ನ ಎಕ್ಸ್‌ಎಚ್ ಟರ್ಮಿನಲ್ಲಿಗೆ ಕ್ರಿಂಪ್ ಮಾಡಬೇಡ, ಆ ರೆಕ್ಕೆ ಇರೋದು ಎಳೆ ಎಳೆ ವೈರಿಗೆ. ಬಾಕ್ಸಿನೊಳಗೆ ಅದನ್ನ 7/36ಕ್ಕೆ ಬೆಸೆದು, ಆ 7/36ರ ತುದಿಗೆ ಕ್ರಿಂಪು.

ನಡುಕದ್ದು ಇನ್ನೊಂದು ಕಾಟ ಇದೆ. ಟರ್ಮಿನಲ್ಲಿಗೂ ಪಿನ್ನಿಗೂ ಇರೋದು ತವರದ ಲೇಪ. ಕಣ್ಣಿಗೆ ಕಾಣದಷ್ಟು ಉಜ್ಜಾಡಿದ್ರೂ ಲೇಪ ಸವೆದು ಕಪ್ಪು ಪುಡಿ ಆಗುತ್ತೆ, ಅದು ಕರೆಂಟ್ ತಡೆಯುತ್ತೆ. ನೀನು ಬಾಕ್ಸ್ ತಟ್ಟಿದಾಗ ಸರಿ ಹೋಗ್ತಿತ್ತಲ್ಲ, ಅರ್ಧ ಅದೇ ಇರಬೇಕು. ಮದ್ದು ಸುಲಭ. ಕನೆಕ್ಟರಿಂದ ಎರಡು ಬೆರಳು ದೂರದಲ್ಲಿ ವೈರನ್ನ ಬೋರ್ಡಿಗೋ ಬಾಕ್ಸಿಗೋ ಟ್ಯಾಗ್ ಹಾಕಿ ಕಟ್ಟು, ನಡುವೆ ಚೂರು ಸಡಿಲ ಬಿಡು. ಸೆನ್ಸರ್ ಕೇಬಲ್ ಬಾಕ್ಸಿನೊಳಗೆ ಬರೋ ತೂತಿಗೆ ಪಿಜಿ7 ಗ್ಲ್ಯಾಂಡ್ ಹಾಕು. 3ರಿಂದ 6.5 ಮಿಮೀ ದಪ್ಪದ ಕೇಬಲ್ ಹಿಡಿಯುತ್ತೆ, ಎಳೆದಾಟವೆಲ್ಲ ಅಲ್ಲಿಗೇ ನಿಲ್ಲುತ್ತೆ. ಸಾಧ್ಯವಾದ್ರೆ ಬಾಕ್ಸನ್ನೇ ಡ್ರೈಯರ್ ಗೋಡೆಯಿಂದ ಕಿತ್ತು ಪಕ್ಕದ ಕಂಬಕ್ಕೆ ಹೊಡಿ. ಎಕ್ಸ್‌ಎಚ್ 85 ಡಿಗ್ರಿವರೆಗೆ ತಾಳುತ್ತೆ ಅಂತ ಬರೆದಿರ್ತಾರೆ, ಹಾಗಂತ ಅದರ ತಾಳ್ಮೆ ಪರೀಕ್ಷೆ ಮಾಡಬೇಡ.

ಆಮೇಲೆ, ಫ್ಯಾನಿನ 230 ವೋಲ್ಟ್ ವೈರು ಈ ಬಿಳಿ ಕನೆಕ್ಟರುಗಳ ಹತ್ರಾನೂ ಸುಳೀಬಾರದು. ಅದಕ್ಕೆ ಬೇರೆ ಟರ್ಮಿನಲ್ ಬ್ಲಾಕು, ಬೇರೆ ಗ್ಲ್ಯಾಂಡು, ಬಾಕ್ಸಿನ ಬೇರೆ ಮೂಲೆ. ಅಪ್ಪ ರಾತ್ರಿ ಒದ್ದೆ ಕೈಯಲ್ಲಿ ಬಂದು ತಟ್ಟೋ ಬಾಕ್ಸು ಅದು.

ತೋಟದಮನೆ, ಶಿರಸಿ:

ಮೂರು ವಾರದ ಮೇಲೆ ವರದಿ.

ಟೂಲ್ ಬಂತು. ಮೊದಲ ಒಂಬತ್ತು ಟರ್ಮಿನಲ್ ಹಾಳು. ಮೂರು ಉಲ್ಟಾ ಇಟ್ಟು ಒತ್ತಿದೆ, ಎರಡರಲ್ಲಿ ಮುಂಭಾಗ ಅಪ್ಪಚ್ಚಿ, ಉಳಿದವುಗಳಲ್ಲಿ ಇನ್ಸುಲೇಶನ್ ಒಳಗೆ ಸಿಕ್ಕಿಬಿತ್ತು. ಹತ್ತನೆಯದರಿಂದ ಕೈ ಕೂತಿತು. ಒಂದು ಸಲ ಟೂಲ್ ಕಚ್ಚಿಕೊಂಡಿತು. ಅಕ್ಕ ಹೇಳಿದ ನಾಲಿಗೆ ನೆನಪಾಯ್ತು, ಸುತ್ತಿಗೆ ಬೇಕಾಗಲಿಲ್ಲ.

ನೀರಿನ ಬಾಟಲಿ ಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡಿತು. ಜಗುಲಿಯ ಕೊಕ್ಕೆಗೆ ಕಟ್ಟಿ ನೋಡಿದರೆ ಹೊಸ ಕ್ರಿಂಪೂ ನಿಂತಿತು, ನನ್ನ ಹಳೇ ಲೆಡ್ ಹಾಕಿದ್ದೂ ನಿಂತಿತು! ಅಪ್ಪ, ಹಾಗಾದರೆ ಟೂಲಿಗೆ ದುಡ್ಡು ಸುರಿದದ್ದು ಯಾಕೆ ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಬಾಕ್ಸಿನ ಮಟ್ಟಿಗೆ 85 ಪೂರ್ತಿ ನಿಂತಿದೆ. ಮೈನಸ್ 127 ಮೂರನೇ ಸೆನ್ಸರಿನಲ್ಲಿ ಮಾತ್ರ ಎರಡು ಸಲ ಬಂತು. ಬಿಚ್ಚಿ ಬೆಳಕಿಗೆ ಹಿಡಿದರೆ ಹಳದಿ ವೈರಿನ ಕಿಂಡಿಯಲ್ಲಿ ತಾಮ್ರವೇ ಕಾಣ್ತಾ ಇರಲಿಲ್ಲ. ಹೊಸದಾಗಿ ಕ್ರಿಂಪ್ ಮಾಡಿದೆ. ಹನ್ನೊಂದು ದಿನ ಆಯ್ತು, ಬಂದಿಲ್ಲ.

ಹಾರ್ನೆಸ್ ಅಕ್ಕ, ತುಮಕೂರು:

ಅಪ್ಪಂಗೆ ಹೇಳು, ಎಳೆಯೋದೇ ಬೇರೆ, ಬಾಗಿಸೋದೇ ಬೇರೆ. ನೇರ ಎಳೆತಕ್ಕೆ ಲೆಡ್ಡು ಚೆನ್ನಾಗೇ ನಿಲ್ಲುತ್ತೆ. ನಿನ್ನ ಡ್ರೈಯರಲ್ಲಿ ಯಾರೂ ವೈರ್ ಎಳೀತಿಲ್ಲ, ಫ್ಯಾನು ಅದನ್ನ ದಿನಕ್ಕೆ ಲಕ್ಷ ಸಲ ಅಲ್ಲಾಡಿಸ್ತಿದೆ. ಎರಡನ್ನೂ ಟರ್ಮಿನಲ್ ಹಿಡಿದು ಬುಡದಲ್ಲಿ ಆ ಕಡೆ ಈ ಕಡೆ ಬಾಗಿಸು, ಎಣಿಸು.

ತೋಟದಮನೆ, ಶಿರಸಿ:

ಎಣಿಸಿದೆ. ಅಪ್ಪನ ಎದುರೇ. ಲೆಡ್ ಹಾಕಿದ್ದು ಹದಿನಾಲ್ಕನೇ ಸಲಕ್ಕೆ ಕೈಗೆ ಬಂತು. ಕ್ರಿಂಪ್ ಮಾಡಿದ್ದು ಐವತ್ತು ದಾಟಿತ್ತು, ಅಷ್ಟರಲ್ಲಿ ಅಮ್ಮ ಆಸರಿ ಕುಡಿಯೋಕೆ ಕರೆದಳು. ಅಪ್ಪ ಏನೂ ಹೇಳಲಿಲ್ಲ, ಟೂಲ್ ತಗೊಂಡು ತಿರುಗಿಸಿ ನೋಡಿ ಕಪಾಟಿನಲ್ಲಿ ಅವರ ಕತ್ತಿ-ಕೊಕ್ಕೆಯ ಪಕ್ಕ ಇಟ್ಟರು.

ಅಂದಹಾಗೆ ಆ 14/36 ಇನ್ನೂ ಅರ್ಧ ಸುರುಳಿ ಇದೆ. ಏನು ಮಾಡಲಿ?

ಹಾರ್ನೆಸ್ ಅಕ್ಕ, ತುಮಕೂರು:

ಬಿಸಾಡಬೇಡ. 12 ವೋಲ್ಟಿನ ಸಣ್ಣ ಮೋಟರು, ಎಲ್‌ಇಡಿ ಪಟ್ಟಿ ಏನಾದ್ರೂ ಮಾಡಿದಾಗ ಬೇಕಾಗುತ್ತೆ. ಆಗ 3.96 ಪಿಚ್ಚಿನ ಜೆಎಸ್‌ಟಿ-ವಿಎಚ್ ತರಿಸು, 14/36 ಅದರ ಬಾಯಿಗೆ ಸರಿಹೋಗುತ್ತೆ. ಸುರುಳಿ ಮೇಲೆ ಈಗಲೇ ಒಂದು ಚೀಟಿ ಅಂಟಿಸಿ "ಎಕ್ಸ್‌ಎಚ್‌ಗೆ ಅಲ್ಲ" ಅಂತ ಬರೆದಿಡು. ಮುಂದಿನ ವರ್ಷದ ಕೊಯ್ಲಿಗೆ ನೀನು ಮರೆತಿರ್ತೀಯ.